ಅಲಿಯಬ್ಬರ ಬಾಡಿಗೆ ಮನೆಯ ಬಾಗಿಲು

ಬಿಜೈಯಲ್ಲಿ, ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡಿನಿಂದ ಒಳಕ್ಕೆ ಹೋಗುವ ಓಣಿಯೊಂದರ ಕೊನೆಯಲ್ಲಿ ಲಿಡಿಯಾ ಒಂದು ಹಳೆಯ ಹಂಚಿನ ಮನೆ ಕೊಂಡಾಗ ಅವಳಿಗೆ ಅರವತ್ತು ದಾಟಿತ್ತು. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾಗಿ ಬಂದವಳು. ಮದುವೆಯಾಗಿರಲಿಲ್ಲ. ನರ್ಸಿಂಗ್ ಕಲಿಯುವಾಗ ಹಾಸ್ಟೆಲು, ಕೆಲಸಕ್ಕೆ ಸೇರಿದ ಮೇಲೆ ಕ್ವಾರ್ಟರ್ಸು, ರಜೆಯಲ್ಲಿ ಊರಿಗೆ ಬಂದರೆ ತಮ್ಮ ವಾಲ್ಟರನ ಮನೆ. ಎಲ್ಲ ಕಡೆಯೂ ಅವಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು. ಆದರೆ ಬಾಗಿಲಿಗೆ ಯಾವ ಬಣ್ಣ ಹೊಡೆಯಬೇಕು ಎಂದು ಅವಳನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

ಮೊದಲು ಕೇಳಿದವನು ದೀಪೇಶ್. ಮನೆಯ ರಿಪೇರಿ ವಹಿಸಿಕೊಂಡಿದ್ದ ಕಂಟ್ರಾಕ್ಟರ್ ಅವನು. ಹಳೆಯ ಬಾಗಿಲಿಗೆ ಗೆದ್ದಲು ಹಿಡಿದಿತ್ತು. ಅದನ್ನು ಕಿತ್ತು ಹೆಬ್ಬಲಸಿನ ಹೊಸ ಬಾಗಿಲು ಕೂರಿಸಿ, ಗುಲಾಬಿ ಬಣ್ಣದ ಪ್ರೈಮರ್ ಹೊಡೆಸಿ ಬಿಟ್ಟಿದ್ದ. ಎದುರು ಮನೆಯ ಆನಿ ಅದನ್ನು ಕಂಡು, "ಪಿಂಕ್ ಚೆಂದ ಉಂಟು, ಹೊಸ ಫ್ಯಾಶನ್ ಅಲ್ವಾ?" ಎಂದು ಹೇಳಿ ಹೋಗಿದ್ದಳು.

"ಮೇಡಂ, ಇನ್ನು ಬಾಗಿಲೊಂದೇ ಬಾಕಿ. ಕಲರ್ ಎಂತ ಅಂತ ಹೇಳಿದ್ರೆ ಮುಗಿಸಿಬಿಡ್ತೇನೆ," ಎಂದ ದೀಪೇಶ್.

"ಹಸಿರು," ಎಂದಳು ಲಿಡಿಯಾ. ಯೋಚಿಸುವ ಅಗತ್ಯವೇ ಅವಳಿಗಿರಲಿಲ್ಲ.

"ಯಾವ ಹಸಿರು?" ಅವನು ಬಗಲಲ್ಲಿದ್ದ ಶೇಡ್ ಕಾರ್ಡನ್ನು ಬಿಡಿಸಿ ಕೊಟ್ಟ.

ಲಿಡಿಯಾ ಅದನ್ನು ಹಿಡಿದು ಕೂತಳು. ಪಿಸ್ತಾ ಹಸಿರಿತ್ತು, ಗಿಳಿ ಹಸಿರಿತ್ತು, ಪಾಚಿಯಂಥದ್ದಿತ್ತು, ನೀರಿನಂಥದ್ದಿತ್ತು. ತನಗೆ ಬೇಕಾದದ್ದು ಮಾತ್ರ ಇರಲಿಲ್ಲ. ಕಣ್ಣು ಮುಚ್ಚಿದರೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು: ಬಸಳೆ ಎಲೆಯ ಹಸಿರು, ಚಿಮಿಣಿ ದೀಪದ ಬೆಳಕು ಬಿದ್ದಲ್ಲಿ ಸ್ವಲ್ಪ ಹೊಳೆಯುವಂಥದ್ದು. ಕಣ್ಣು ತೆರೆದು ಕಾರ್ಡ್ ನೋಡಿದರೆ ಎಲ್ಲವೂ ಹೌದೆನ್ನಿಸುತ್ತಿತ್ತು, ಯಾವುದೂ ಅಲ್ಲವೆನ್ನಿಸುತ್ತಿತ್ತು.

ಅದು ಅವಳು ಹುಟ್ಟಿ ಬೆಳೆದ ಮನೆಯ ಬಾಗಿಲು. ಪಂಪ್‌ವೆಲ್ಲಿನಲ್ಲಿ ಈಗ ಫ್ಲೈಓವರ್ ಇಳಿಯುವ ಕಡೆ ಆಗ ತೆಂಗಿನ ತೋಟವೊಂದಿತ್ತು. ರಸ್ತೆಯ ಬದಿಗೆ ಅಲಿಯಬ್ಬ ಬ್ಯಾರಿಯವರ ದೊಡ್ಡ ಮನೆ. ಅದರ ಹಿಂದೆ ಒಂದೇ ಸಾಲಿನಲ್ಲಿ ಅವರದೇ ಮೂರು ಬಾಡಿಗೆ ಮನೆಗಳು. ಕೊನೆಯ ಮನೆಯಲ್ಲಿ ಲಿಡಿಯಾ, ತಮ್ಮ ವಾಲ್ಟರ್, ತಾಯಿ ಅಪೊಲೋನಿಯಾ. ತಂದೆ ರಾಫೆಲ್ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಯವನು. ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಹೆದ್ದಾರಿ ಅಗಲವಾಗುವಾಗ ಆ ಮನೆಗಳೂ ತೋಟವೂ ಹೋದವು. ಲಿಡಿಯಾ ಆಗ ಮಸ್ಕತ್ತಿನಲ್ಲಿದ್ದಳು. ಮುಂದಿನ ರಜೆಗೆ ಬಂದಾಗ ಬಸ್ಸಿನ ಕಿಟಕಿಯಿಂದ ಹುಡುಕಿದರೆ ಆ ಜಾಗ ಯಾವುದೆಂದೇ ತಿಳಿಯಲಿಲ್ಲ.

ಅವಳು ಶೇಡ್ ಕಾರ್ಡಿನ ಹಸಿರು ಪುಟದ ಫೋಟೋ ತೆಗೆದು ರಮ್ಲಾಳಿಗೆ ವಾಟ್ಸಾಪ್ ಮಾಡಿದಳು. 'ನಮ್ಮ ಪಂಪ್‌ವೆಲ್ ಮನೆಯ ಬಾಗಿಲು ಇದರಲ್ಲಿ ಯಾವುದು, ಹೇಳು.'

ರಮ್ಲಾ ಅಲಿಯಬ್ಬರ ಮಗಳು. ಇಬ್ಬರಿಗೂ ಒಂದೇ ವಯಸ್ಸು. ಒಬ್ಬಳ ಮನೆಯಲ್ಲಿ ಕೊಂಕಣಿ, ಇನ್ನೊಬ್ಬಳ ಮನೆಯಲ್ಲಿ ಬ್ಯಾರಿ, ಶಾಲೆ ಕನ್ನಡದ್ದು. ಹಾಗಾಗಿ ಅವರಿಬ್ಬರ ಗೆಳೆತನ ಮೊದಲಿನಿಂದಲೂ ಕನ್ನಡದಲ್ಲೇ ನಡೆದಿತ್ತು. ಮಸ್ಕತ್ತಿನಲ್ಲಿದ್ದಾಗಲೂ ಪತ್ರ, ಆಮೇಲೆ ಫೋನು, ಈಗ ವಾಟ್ಸಾಪು. ರಮ್ಲಾ ಈಗ ಬಜಪೆಯಲ್ಲಿ ಮಗನ ಮನೆಯಲ್ಲಿದ್ದಳು. ಮೆಸೇಜು ತಲುಪಿದ ಕೂಡಲೇ ಕಾಲ್ ಬಂತು.

"ಎಂತ ಹಸಿರು ಮಾರಾಯ್ತಿ? ನಿನಗೆ ತಲೆ ಸಮ ಉಂಟಾ? ನೀಲಿ ಅದು."

"ನೀಲಿಯಾ? ನಮ್ಮ ಬಾಗಿಲಾ?"

"ಹೌದು, ನಿಮ್ಮದೇ. ಮೂರೂ ಮನೆದು ನೀಲಿ, ನಮ್ಮದೂ ನೀಲಿ. ಉಪ್ಪ ಬಂದರಿನಿಂದ ತಂದ ಪೇಂಟು. ಮಂಜಿಗೆ ಹೊಡೀತಾರಲ್ಲ, ಅದು."

ಮಂಜಿ ಎಂದರೆ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಹಡಗು. ರಮ್ಲಾಳ ಉಪ್ಪ, ಎಂದರೆ ತಂದೆ, ಅಲಿಯಬ್ಬರಿಗೆ ಅಕ್ಕಿ, ಹುಣಸೆ, ಬೆಲ್ಲವನ್ನು ದ್ವೀಪಕ್ಕೆ ಕಳಿಸುವ ವ್ಯಾಪಾರವಿತ್ತು.

"ನಿಮ್ಮ ಮನೆದು ನೀಲಿ ಇರಬಹುದು ರಮ್ಲಾ. ನಮ್ಮದು ಹಸಿರು. ನಾನು ದಿನಾ ನೋಡಿದ್ದೇನೆ."

"ನಾನು ನೋಡ್ಲಿಲ್ವಾ? ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಕೆಳಗಡೆ ಮೂಲೆಯಲ್ಲಿ ಪೇಂಟ್ ಎದ್ದು ಒಂದು ಕುದುರೆಯ ಹಾಗೆ ಕಾಣ್ತಿತ್ತು. ನಾನದನ್ನು ಉಗುರಲ್ಲಿ ಕೆರೆದು ಕೆರೆದು ಬಾಲ ಉದ್ದ ಮಾಡಿದ್ದೇನೆ."

ಲಿಡಿಯಾಗೆ ಯಾವ ಕುದುರೆಯೂ ನೆನಪಾಗಲಿಲ್ಲ. ಸಿಟ್ಟೂ ಬಂತು, ನಗುವೂ ಬಂತು. ಫೋನಿಟ್ಟವಳು ತಮ್ಮನಿಗೆ ಮಾಡಿದಳು. ವಾಲ್ಟರ್ ಆಗಷ್ಟೇ ಊಟಕ್ಕೆ ಕೂತಿದ್ದ.

"ಬಾಗಿಲಿಗೆ ಬಣ್ಣ ಇತ್ತಾ ಬಾಯ್?" ಎಂದು ಅವನು ಅಕ್ಕನನ್ನೇ ಕೇಳಿದ; ಕೊಂಕಣಿಯಲ್ಲಿ ಬಾಯ್ ಎಂದರೆ ಅಕ್ಕ. "ಮರದ ಬಾಗಿಲಲ್ವಾ? ಕಂದು ಇರಬೇಕು. ನೀನು ಈಗ ಅದೇ ಕಂದು ಹಾಕು, ಧೂಳು ಕೂತ್ರೂ ಗೊತ್ತಾಗುವುದಿಲ್ಲ."

ಮೂವರಿಗೆ ಮೂರು ಬಣ್ಣ. ಅವತ್ತು ಸಂಜೆ ಲಿಡಿಯಾ ಗುಲಾಬಿ ಬಾಗಿಲನ್ನು ಹಾಕಿ ಒಳಗೆ ಕೂತು ತುಂಬಾ ಹೊತ್ತು ಅದನ್ನೇ ನೋಡಿದಳು. ತಾನು ಸುಳ್ಳು ನೆನಪನ್ನು ಇಷ್ಟು ವರ್ಷ ಸಾಕಿದೆನೇ ಎಂಬ ಯೋಚನೆ ಅವಳನ್ನು ಬಿಡಲಿಲ್ಲ. ವಾರ್ಡಿನಲ್ಲಿ ಕೆಲಸವಿಲ್ಲದ ಹೊತ್ತು, ಪರದೇಶದ ಕೋಣೆಯಲ್ಲಿ ನಿದ್ದೆ ಬಾರದ ಹೊತ್ತು ಅವಳು ಮನೆ ಎಂದು ನೆನೆದಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಆ ಹಸಿರು. ಅದರ ಎದುರು ಬೆನ್ನು ಬಗ್ಗಿಸಿ ಕೂತು ಬೀಡಿ ಕಟ್ಟುವ ತಾಯಿ, ಪಕ್ಕದಲ್ಲಿ ಎಲೆ ಕತ್ತರಿಸುವ ತಾನು. ಹಸಿರು ಇರಲೇ ಇಲ್ಲವೆಂದರೆ ಉಳಿದದ್ದನ್ನು ನಂಬುವುದು ಹೇಗೆ?

ಮರುದಿನ ರಮ್ಲಾಳೇ ಮತ್ತೆ ಕಾಲ್ ಮಾಡಿದಳು. "ನಾನು ರಾತ್ರಿ ಉಮ್ಮನ ಹತ್ರ ಕೇಳಿದೆ. ಉಮ್ಮ ನಗಾಡ್ತಾರೆ, ಹೇಳುವುದಿಲ್ಲ. ಅವಳನ್ನು ಕರೆ, ಅವಳಿಗೇ ಹೇಳ್ತೇನೆ ಅಂತಾರೆ. ನಾಳೆ ಊಟಕ್ಕೆ ಬಾ."

ದೀಪೇಶನಿಗೆ ಎರಡು ದಿನ ತಡಿ ಎಂದು ಹೇಳಿ ಲಿಡಿಯಾ ಬಜಪೆಯ ಬಸ್ಸು ಹತ್ತಿದಳು.

ರಮ್ಲಾಳ ತಾಯಿ ಐಸಮ್ಮನಿಗೆ ಎಂಬತ್ತು ಕಳೆದಿತ್ತು. ಮಂಡಿ ನೋವು, ಕಿವಿ ಸ್ವಲ್ಪ ಮಂದ; ಮಾತು ಮಾತ್ರ ಹಿಂದಿನಷ್ಟೇ ಚುರುಕು. ಸಣ್ಣವಳಿರುವಾಗಿನಿಂದ ಲಿಡಿಯಾ ಅವರನ್ನು ರಮ್ಲಾಳ ಹಾಗೆಯೇ ಉಮ್ಮ ಎಂದೇ ಕರೆಯುತ್ತಿದ್ದಳು. ಅಕ್ಕಿರೊಟ್ಟಿ, ಕೋಳಿ ಸಾರಿನ ಊಟ ಮುಗಿಯುವವರೆಗೆ ಅವರು ಬಾಗಿಲಿನ ಸುದ್ದಿಯನ್ನೇ ಎತ್ತಲಿಲ್ಲ. ಮಸ್ಕತ್ತಿನಲ್ಲಿ ಮೀನು ಹೇಗೆ, ಇಲ್ಲಿ ಒಬ್ಬಳೇ ಇರುವುದಕ್ಕೆ ಹೆದರಿಕೆ ಆಗುವುದಿಲ್ಲವೇ, ವಾಲ್ಟರನ ಮಗನಿಗೆ ಹೆಣ್ಣು ನೋಡಿದರೇ ಎಂದೆಲ್ಲ ಕೇಳಿದರು. ಆಮೇಲೆ ಮೂವರೂ ಸಿಟೌಟಿನಲ್ಲಿ ಕೂತರು.

"ಈಗ ಹೇಳಿ ಉಮ್ಮ," ಎಂದಳು ರಮ್ಲಾ. "ನೀಲಿಯಾ, ಹಸಿರಾ?"

"ನಿನ್ನ ಉಪ್ಪ ಹೊಡೆಸಿದ್ದು ನೀಲಿ."

ರಮ್ಲಾ ಲಿಡಿಯಾಳ ತೊಡೆಗೆ ಒಂದು ಪೆಟ್ಟು ಕೊಟ್ಟಳು. "ಕೇಳಿದಿಯಾ?"

"ತಡಿ ನೀನು," ಎಂದರು ಐಸಮ್ಮ. "ಅವರು ಹೊಡೆಸಿದ್ದು ನೀಲಿ. ಹಸಿರು ನಾವು ಹೊಡೆದದ್ದು. ನಾನು ಮತ್ತೆ ಇವಳ ಅಮ್ಮ."

ವಿಮಾನವೊಂದು ತಲೆಯ ಮೇಲೆಯೇ ಇಳಿಯುತ್ತಿತ್ತು. ಆ ಊರಿನವರೆಲ್ಲರ ಹಾಗೆ ಐಸಮ್ಮ ಮಾತು ನಿಲ್ಲಿಸಿ, ಸದ್ದು ಕಳೆಯುವವರೆಗೆ ಕಾದು, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರು.

"ಪೇಂಟಿನವರು ಬಂದಾಗ ಇವಳ ಉಪ್ಪ ಅವರಿಗೆ ಹೇಳಿದರು, ಹೊರಗಿನ ಬದಿ ಮಾತ್ರ ಸಾಕು ಅಂತ. ನಾನು ಕೇಳಿದೆ, ಒಳಗಿನ ಬದಿ? ಒಳಗೆ ಯಾರು ನೋಡ್ತಾರೆ ಅಂದರು. ನಾನು ಸುಮ್ಮನಾದೆ. ನಮ್ಮ ಬಾಗಿಲೂ ಒಳಗೆ ಬರೀ ಮರವೇ. ಆದರೆ ನಮ್ಮದು ದೊಡ್ಡ ಮನೆ, ನಾನು ಅಡುಗೆ ಕೋಣೆಯಲ್ಲಿ ಇರುವವಳು. ಆ ಬಾಗಿಲು ನನಗೆ ಕಾಣ್ತಲೇ ಇರಲಿಲ್ಲ. ನಿಮ್ಮದು ಹಾಗಲ್ಲ. ಇದ್ದದ್ದೇ ಒಂದು ಕೋಣೆ, ಒಂದು ಅಡುಗೆಮನೆ."

"ಹೌದು ಉಮ್ಮ."

"ಆ ವರ್ಷ ನಿನ್ನ ಅಪ್ಪ ಕ್ರಿಸ್ಮಸಿಗೆ ಬರಲಿಲ್ಲ. ಕಾಗದವೂ ಇಲ್ಲ. ಈಸ್ಟರಿಗೂ ಬರಲಿಲ್ಲ. ನಿನ್ನ ಅಮ್ಮ ಯಾರ ಹತ್ರವೂ ಎಂತದೂ ಹೇಳುವವಳಲ್ಲ. ನೀವು ಸಣ್ಣವರು, ನಿಮಗೆ ಗೊತ್ತಾಗಲಿಲ್ಲ."

ಲಿಡಿಯಾಗೆ ಅದು ನಿಜಕ್ಕೂ ಗೊತ್ತಿರಲಿಲ್ಲ. ತಂದೆ ಒಂದು ಸಲ ತುಂಬಾ ತೆಳ್ಳಗಾಗಿ, ತಲೆಗೂದಲು ಸಣ್ಣ ಮಾಡಿಕೊಂಡು ಬಂದಿದ್ದ ಎಂಬುದಷ್ಟೇ ನೆನಪಿತ್ತು.

"ಆಟಿ ತಿಂಗಳು, ಜೋರು ಮಳೆ. ಜೀರಿಗೆ ಮುಗಿದಿತ್ತು ಅಂತ ನಾನು ಅವಳ ಹತ್ರ ಹೋದೆ. ಹಗಲೇ. ಆದರೂ ಎರಚಲಿಗೆ ಬಾಗಿಲು ಹಾಕಿದ್ದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿ ತಿರುಗಿ ನೋಡ್ತೇನೆ, ಎಂಥ ಕಪ್ಪು! ಹೊಗೆ ಹಿಡಿದು ಹಿಡಿದು ಮರ ಇದ್ದಿಲಿನ ಹಾಗಾಗಿದೆ. ನಿನ್ನ ಅಮ್ಮ ಮಡಿಲಲ್ಲಿ ಬೀಡಿಯ ಗೆರಸೆ ಇಟ್ಟುಕೊಂಡು ಅದಕ್ಕೇ ಮುಖ ಮಾಡಿ ಕೂತಿದ್ದಾಳೆ. ನಾನು ಕೇಳಿದೆ, ಇಲ್ಲಿ ಎಂತಕ್ಕೆ ಕೂರುವುದು, ಕಿಟಕಿ ಹತ್ರ ಬೆಳಕುಂಟಲ್ಲ ಅಂತ. ಇಲ್ಲಿ ಕೂತರೆ ಬಂದದ್ದು ಬೇಗ ಕೇಳ್ತದೆ ಅಂದಳು."

ರಮ್ಲಾ ಲಿಡಿಯಾಳ ಕಡೆ ನೋಡಿದಳು.

"ಆಮೇಲೆ ಅವಳೇ ಹೇಳಿದಳು. ಐಸಮ್ಮ, ಈ ಹಲಗೆಯ ಗಂಟುಗಳೆಲ್ಲ ನನಗೆ ಬಾಯಿಪಾಠ ಆಗಿದೆ. ರಾತ್ರಿ ಕಣ್ಣು ಮುಚ್ಚಿದರೂ ಅದೇ ಕಾಣ್ತದೆ ಅಂತ. ನಾನಂದೆ, ಇದಕ್ಕೆ ಬಣ್ಣ ಹೊಡೆಯುವ. ನಿನಗೆ ಯಾವ ಬಣ್ಣ ಇಷ್ಟ? ಅವಳು ನಗಾಡಿದಳು. ಯಾವುದಿದ್ದರೂ ಆಗ್ತದೆ ಅಂದಳು. ಯಾವುದಿತ್ತು? ನನ್ನ ಮದುವೆಯ ಪೆಟ್ಟಿಗೆಗೆ ಅಣ್ಣ ಹೊಡೆದು ಉಳಿದ ಹಸಿರಿತ್ತು, ಒಂದು ಡಬ್ಬಿ. ಗಟ್ಟಿಯಾಗಿತ್ತು. ಮಳೆ ಬಿಟ್ಟ ದಿನ ನೀವೆಲ್ಲ ಶಾಲೆಗೆ ಹೋದ ಮೇಲೆ ಸೀಮೆಎಣ್ಣೆ ಹಾಕಿ ಕಲಸಿದೆವು. ಬ್ರಶ್ಶಿಲ್ಲ; ಸುಣ್ಣ ಬಳಿಯುವುದಿತ್ತು, ಅದರ ನಾರೆಲ್ಲ ಬಾಗಿಲಿಗೆ ಅಂಟಿತು. ನಿನ್ನ ಅಮ್ಮ ಮೇಲೆ, ನಾನು ಕೆಳಗೆ. ಅವಳು ಉದ್ದ, ಅಲ್ವಾ? ನನ್ನ ತಲೆಯ ಮೇಲೆಲ್ಲ ಹಸಿರು ಹನಿ. ಎಷ್ಟು ನಗಾಡಿದ್ದೇವೆ ಅಂದರೆ, ಮಧ್ಯದ ಮನೆಯ ಅಜ್ಜಿ ಎಂತದು ಎಂತದು ಅಂತ ಕೇಳಿಕೊಂಡು ಬಂದರು."

"ಉಪ್ಪನಿಗೆ ಗೊತ್ತಾಗಲಿಲ್ವಾ?" ರಮ್ಲಾ ಕೇಳಿದಳು.

"ಕೈಗೆ ಸೀಮೆಎಣ್ಣೆ ವಾಸನೆ ಉಂಟಲ್ಲ ಅಂದರು. ಸ್ಟವ್ ತುಂಬಿಸಿದೆ ಅಂದೆ. ಬಾಡಿಗೆಗೆ ಅಂತ ಅವರು ಹೋಗುವುದು ಹಗಲಿಗೆ. ಆಗ ಬಾಗಿಲು ತೆರೆದಿರ್ತದೆ. ತೆರೆದ ಬಾಗಿಲು ಗೋಡೆಗೆ ತಾಗಿ ನಿಲ್ತದೆ. ಹಸಿರು ಗೋಡೆಯ ಕಡೆಗೆ. ತೀರಿಹೋಗುವವರೆಗೂ ಅವರಿಗೆ ಗೊತ್ತಾಗಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನಿನಗಾ? ನೀನು ಎಲ್ಲ ಉಪ್ಪನ ಕಿವಿಗೆ ಹಾಕುವವಳು. ಮತ್ತೆ ನೀನು ಯಾವಾಗ ನೋಡುವುದು? ಸಂಜೆ ಮಗ್ರಿಬ್ ಬಾಂಗ್ ಆಗುವ ಮೊದಲು ನೀನು ಮನೆ ಸೇರಬೇಕಿತ್ತು. ಇವಳ ಮನೆಯವರು ಬಾಗಿಲು ಹಾಕುವುದೇ ಅದರ ನಂತರ."

ರಮ್ಲಾ ಲಿಡಿಯಾಳ ಕಡೆ ತಿರುಗಿದಳು. ಆಮೇಲೆ, "ನಾನು ನೋಡಿದ್ದು ಆದಿತ್ಯವಾರ," ಎಂದಳು ಮೆಲ್ಲಗೆ. "ನೀವೆಲ್ಲ ಬೆಳಿಗ್ಗೆ ಪೂಜೆಗೆ ಅಂತ ಚರ್ಚಿಗೆ ಹೋಗ್ತಿದ್ದಿರಿ. ನನಗೆ ಆಡಲಿಕ್ಕೆ ಯಾರೂ ಇಲ್ಲ. ನಿಮ್ಮ ಮೆಟ್ಟಿಲಲ್ಲಿ ಬಂದು ಕೂತುಕೊಳ್ತಿದ್ದೆ. ನೀವು ಬರುವವರೆಗೆ. ಎದುರಿಗೆ ಆ ನೀಲಿ ಬಾಗಿಲು, ಚಿಲಕದಲ್ಲಿ ಬೀಗ. ಆ ಕುದುರೆ ಕೆರೆದದ್ದೆಲ್ಲ ಆವಾಗಲೇ."

"ನೀನು ಕಾಯ್ತಿದ್ದೆ ಅಂತ ನನಗೆ ಗೊತ್ತೇ ಇಲ್ಲ."

"ದೂರದಿಂದ ನಿಮ್ಮ ಮಾತು ಕೇಳಿದ ಕೂಡಲೇ ಎದ್ದು ಓಡ್ತಿದ್ದೆ. ನಮ್ಮ ಅಂಗಳದಿಂದ ಈಗಷ್ಟೇ ಬಂದವಳ ಹಾಗೆ ಬರುವುದು. ನಾಚಿಕೆ ಅಲ್ವಾ?"

ಇಬ್ಬರೂ ನಕ್ಕರು. ನಗುವ ಮಧ್ಯೆ ಲಿಡಿಯಾಗೆ ತೆರೆದ ಬಾಗಿಲೊಂದು ಕಣ್ಣ ಮುಂದೆ ಬಂತು. ಹಗಲು ಬೆಳಕು, ಗೋಡೆಗೆ ಒರಗಿ ನಿಂತ ಬಾಗಿಲಿನ ಮೇಲೆ ವಾಲ್ಟರನ ಒದ್ದೆ ಚಡ್ಡಿ ನೇತಾಡುತ್ತಿದೆ, ಅದರ ಹಿಂದಿನ ಬಣ್ಣ ನೀಲಿಯೇ. ಎಷ್ಟು ಸಾವಿರ ಸಲ ಅದನ್ನು ನೋಡಿದ್ದಳೋ! ಆದರೆ ಅದು ಮನಸ್ಸಿನಲ್ಲಿ ನಿಂತಿರಲಿಲ್ಲ. ನಿಂತದ್ದು ದೀಪ ಹಚ್ಚಿ ಬಾಗಿಲು ಹಾಕಿದ ಮೇಲಿನ ಹೊತ್ತು. ತಾಯಿ ಬಾಗಿಲನ್ನು ನೋಡುತ್ತಿದ್ದಳು, ತಾನು ತಾಯಿಯನ್ನು. ತನಗೆ ನೆಮ್ಮದಿ ಎಂದು ಕಂಡಿದ್ದ ಆ ಗಳಿಗೆಗಳಲ್ಲಿ ತಾಯಿಯ ಕಿವಿ ಅಂಗಳದ ಹೆಜ್ಜೆಗಾಗಿ ಕಾಯುತ್ತಿತ್ತು ಎಂಬುದು ಇಷ್ಟು ವಯಸ್ಸಾದ ಮೇಲೆ ತಿಳಿಯಿತು.

"ಅಪ್ಪ ಯಾವಾಗ ಬಂದರು ಉಮ್ಮ?"

"ಮೊಂತಿ ಫೆಸ್ತಿಗೆ, ನಿಮ್ಮ ಸೆಪ್ಟೆಂಬರಿನ ತೆನೆ ಹಬ್ಬಕ್ಕೆ. ಟೈಫಾಯ್ಡ್ ಆಗಿ, ಬಿಟ್ಟು ಬಿಟ್ಟು ಮರುಕಳಿಸಿ, ತಿಂಗಳುಗಟ್ಟಲೆ ಬೊಂಬಾಯಿಯ ಆಸ್ಪತ್ರೆಯಲ್ಲಿದ್ದನಂತೆ. ಹೇಳಿದರೆ ನಿನ್ನ ಅಮ್ಮ ಹೆದರ್ತಾಳೆ ಅಂತ ಬರೆಯಲಿಲ್ಲವಂತೆ. ಬಂದು ಬಾಗಿಲು ಹಾಕಿ ತಿರುಗಿದವನು, ಇದು ಯಾವಾಗ ಆದದ್ದು, ಚೆಂದ ಉಂಟಲ್ಲ ಅಂತ ಕೇಳಿದನಂತೆ. ಮರುದಿನ ಬೆಳಿಗ್ಗೆ ನಿನ್ನ ಅಮ್ಮ ಕೊಡಪಾನ ಬಾವಿಕಟ್ಟೆಯಲ್ಲೇ ಬಿಟ್ಟು ನನ್ನ ಹತ್ರ ಓಡಿ ಬಂದಿದ್ದಾಳೆ. 'ಅವರಿಗೆ ಕಾಣಿಸಿತು ಐಸಮ್ಮ, ಬಂದ ಕೂಡಲೇ ಕಾಣಿಸಿತು!' ಗಂಡ ಬಂದದ್ದು ಆಮೇಲೆ ಹೇಳಿದ್ದು."

ಐಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುವಿಗೋ ಅಳುವಿಗೋ ಗೊತ್ತಾಗಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದು, "ಬಾ ಇಲ್ಲಿ," ಎಂದು ಲಿಡಿಯಾಳನ್ನು ತಮ್ಮ ಕೋಣೆಗೆ ಕರೆದೊಯ್ದರು. ಮಂಚದ ಕಾಲ ಬಳಿ ಮದುವೆಯ ಪೆಟ್ಟಿಗೆ ಇತ್ತು. ಮೊಮ್ಮಗ ಅದಕ್ಕೆ ಪಾಲಿಶ್ ಹೊಡೆಸಿ ಹೊಸದರಂತೆ ಮಾಡಿಸಿದ್ದ. ಐಸಮ್ಮ ಮುಚ್ಚಳ ಎತ್ತಿದರು. ಮುಚ್ಚಳದ ಒಳಗಡೆ ಪಾಲಿಶ್ ಮುಟ್ಟಿರಲಿಲ್ಲ. ಅಲ್ಲಿ ಹಸಿರಿತ್ತು.

ಬಸಳೆಯ ಹಸಿರಲ್ಲ. ಅದಕ್ಕಿಂತ ಮಾಸಲು, ಸ್ವಲ್ಪ ಕಪ್ಪಿಗೆ ತಿರುಗಿದ್ದು, ಆಗಿನ ಕಾಲದ ಶಾಲೆಯ ಬೆಂಚಿಗೂ ಪಂಚಾಯತ್ ಆಫೀಸಿನ ಕಿಟಕಿಗೂ ಹೊಡೆಯುತ್ತಿದ್ದಂಥ ಸಾಧಾರಣ ಹಸಿರು. ಶೇಡ್ ಕಾರ್ಡಿನಲ್ಲಿ ಅದನ್ನೇ ಕಂಡು ಅವಳು ಮುಂದೆ ಸರಿದಿದ್ದಳು. ಲಿಡಿಯಾ ಅದರ ಮೇಲೆ ಅಂಗೈ ಇಟ್ಟಳು. ಬಟ್ಟೆಗಳ ನಡುವಿನಿಂದ ನುಸಿಗುಳಿಗೆಯ ವಾಸನೆ ಬಂತು. ಅವಳು ಅಳಬಾರದೆಂದುಕೊಂಡಿದ್ದಳು, ಆದರೂ ಅತ್ತಳು. ಐಸಮ್ಮ ಮುಚ್ಚಳವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಿಂತಿದ್ದರು.

"ಫೋಟೋ ತೆಗಿ ಮಗಳೇ," ಎಂದರು ಕೊನೆಗೆ. "ನನ್ನ ಕೈ ಸೋಲ್ತದೆ."

ಮರುದಿನ ರಮ್ಲಾ ಬಜಪೆಯಿಂದ ಬಂದಳು. ಇಬ್ಬರೂ ಪಂಪ್‌ವೆಲ್ಲಿನ ಪೇಂಟ್ ಅಂಗಡಿಗೆ ಹೋದರು. ಬಿಜೈಯಲ್ಲೇ ಅಂಗಡಿಗಳಿದ್ದವು, ಆದರೆ ರಮ್ಲಾ, "ಅಲ್ಲಿಯೇ ತೆಗೆಯುವ, ಹೇಗೂ ಅಲ್ಲಿಯದೇ ಬಣ್ಣ," ಎಂದು ಹಟ ಹಿಡಿದಿದ್ದಳು. ಬಸ್ಸಿಳಿದು ಫ್ಲೈಓವರಿನ ನೆರಳಲ್ಲಿ ನಿಂತು ತಮ್ಮ ತೋಟ ಎಲ್ಲಿತ್ತೆಂದು ನೋಡಿದರು. ರಮ್ಲಾ ಒಂದು ಮೊಬೈಲ್ ಅಂಗಡಿಯ ಕಡೆ ಕೈ ತೋರಿಸಿದಳು, ಲಿಡಿಯಾ ಅದರಾಚೆಯ ಕಂಬದ ಕಡೆ. ಆ ವಿಷಯದಲ್ಲೂ ಒಮ್ಮತವಾಗಲಿಲ್ಲ. ಬಸ್ಸುಗಳ ಹಾರ್ನಿಗೆ ಹೆಚ್ಚು ಹೊತ್ತು ವಾದಿಸಲಿಕ್ಕೂ ಆಗಲಿಲ್ಲ.

ಹಸಿರು ಬೇಗ ಸಿಕ್ಕಿತು. ಫೋನಿನಲ್ಲಿದ್ದ ಫೋಟೋ ತೋರಿಸಿದರೆ ಅಂಗಡಿಯವರು ಹತ್ತಿರದ ಎರಡು ತೆಗೆದಿಟ್ಟರು. ಒಂದನ್ನು ಲಿಡಿಯಾ ಆರಿಸಿದಳು. ನೀಲಿಗೆ ಮಾತ್ರ ರಮ್ಲಾ ಅವರನ್ನು ಸುಸ್ತು ಮಾಡಿದಳು. ಇದು ಆಕಾಶ, ಇದು ಶಾಲೆಯ ಯೂನಿಫಾರ್ಮು, ಇದು ಕೊಡೆಯ ಬಟ್ಟೆ ಎಂದು ಒಂದೊಂದನ್ನೇ ಬದಿಗೆ ತಳ್ಳಿದಳು. ಕೊನೆಗೆ ಒಂದರ ಮೇಲೆ ಬೆರಳಿಟ್ಟಳು. ಉಗುರಿನಿಂದ ಕಾರ್ಡಿನ ಆ ಚೌಕವನ್ನು ಮೆಲ್ಲಗೆ ಕೆರೆದಳು.

"ಇದಾ?" ಎಂದಳು ಲಿಡಿಯಾ.

"ಇದು," ಎಂದಳು ರಮ್ಲಾ.

ಎರಡು ಡಬ್ಬಿ ಕಂಡು ದೀಪೇಶ್ ತಲೆ ಕೆರೆದುಕೊಂಡ. "ಒಂದೇ ಬಾಗಿಲಿಗೆ ಎರಡು ಕಲರಾ ಮೇಡಂ? ಹೊರಗೆ ನೀಲಿ ಹೊಡೆಯುವ, ಸರಿ. ಒಳಗಡೆಗೂ ಅದೇ ಸಾಕಲ್ವಾ? ಒಳಗೆ ಯಾರು ನೋಡ್ತಾರೆ?"

ಲಿಡಿಯಾ, ರಮ್ಲಾ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೋರಾಗಿ ನಕ್ಕರು. ಅವನಿಗೆ ಏನೂ ಅರ್ಥವಾಗಲಿಲ್ಲ. "ನಾನು ನೋಡ್ತೇನೆ ಮಾರಾಯ, ನೀನು ಹೊಡೆಸು," ಎಂದಳು ಲಿಡಿಯಾ. ನಾವೇ ಹೊಡೆಯುವ ಎಂದು ರಮ್ಲಾಳಿಗೆ ಆಸೆಯಿತ್ತು. ಬ್ರಶ್ ಹಿಡಿದು ಬಾಗಿಲಿನ ಕೆಳಗಿನ ಮೂಲೆಯಲ್ಲಿ ಒಂದಿಷ್ಟು ಹೊಡೆದದ್ದೂ ಹೌದು. ಅಷ್ಟರಲ್ಲಿ ಅವಳ ಸೊಂಟ ಹಿಡಿಯಿತು. ಉಳಿದದ್ದನ್ನು ದೀಪೇಶನ ಕೆಲಸದವರು ಮುಗಿಸಿದರು. ಅವಳು ಹೊಡೆದಲ್ಲಿ ಹನಿ ಇಳಿದಿದ್ದನ್ನು ಉಜ್ಜಿ ಸರಿ ಮಾಡಿದರು.

ಆನಿಗೆ ನೀಲಿ ಇಷ್ಟವಾಗಲಿಲ್ಲ. ಪಿಂಕೇ ಇರಬೇಕಿತ್ತು ಎಂದಳು. ವಾಲ್ಟರ್ ಹೆಂಡತಿಯೊಂದಿಗೆ ಬಂದು ಎರಡೂ ಬದಿ ನೋಡಿ, ಬಾಗಿಲನ್ನು ಮುಚ್ಚಿ ತೆರೆದು ಮಾಡಿ, "ನನಗೆ ಎಂತದೂ ನೆನಪಾಗುವುದಿಲ್ಲ ಬಾಯ್," ಎಂದ. ಅವನ ದನಿಯಲ್ಲಿ ಸ್ವಲ್ಪ ಬೇಸರವಿತ್ತು. ಲಿಡಿಯಾ ಅವನನ್ನು ಕೂರಿಸಿ ಐಸಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಅಪ್ಪನ ಟೈಫಾಯ್ಡಿನ ಸುದ್ದಿ ಅವನಿಗೂ ಹೊಸದು. ಹೋಗುವಾಗ ಅವನು ಬಾಗಿಲಿನ ಹಸಿರು ಬದಿಗೆ ನಿಂತು ಹೆಂಡತಿಯ ಹತ್ತಿರ ಒಂದು ಫೋಟೋ ತೆಗೆಸಿಕೊಂಡ.

ಐಸಮ್ಮ ಬಂದದ್ದು ವಾರದ ನಂತರ, ಮೊಮ್ಮಗನ ಕಾರಿನಲ್ಲಿ, ರಮ್ಲಾಳ ಜೊತೆ. ಸಂಜೆಯಾಗಿತ್ತು. ಓಣಿಯಲ್ಲಿ ಕಾರಿನಿಂದ ಇಳಿದ ಕೂಡಲೇ, ಸೊಸೆಯಂದಿರ ಮ್ಯಾಕ್ಸಿಯಿಂದ ಹಿಡಿದು ಎಲ್ಲದಕ್ಕೂ ಬೆಲೆ ಕಟ್ಟುವ ಅವರ ಕಣ್ಣು ನೀಲಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿತು.

"ಇವರ ನೀಲಿಯೇ," ಎಂದರು. ಗಂಡ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಅವರ ಹೆಸರು ಐಸಮ್ಮನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಇವರು ಎಂದರೆ ಅಲಿಯಬ್ಬರೇ.

ಒಳಗೆ ಬಂದು ಕೂತ ಮೇಲೆ ಲಿಡಿಯಾ ಬಾಗಿಲು ಹಾಕಿದಳು. ಹೊಸ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಐಸಮ್ಮ ಕುರ್ಚಿಯಲ್ಲಿ ಕೂತು ಹಸಿರನ್ನು ನೋಡಿದರು.

"ನಮ್ಮದು ಇಷ್ಟು ನುಣುಪಿರಲಿಲ್ಲ," ಎಂದರು. "ನಿನ್ನ ಅಮ್ಮನಿಗೆ ತಾಳ್ಮೆ ಇರಲಿಲ್ಲ. ಒಂದು ಕೋಟ್ ಒಣಗುವ ಮೊದಲೇ ಇನ್ನೊಂದು."

"ಅಮ್ಮನಿಗೆ ತಾಳ್ಮೆ ಇರಲಿಲ್ವಾ?" ಲಿಡಿಯಾಗೆ ಆಶ್ಚರ್ಯವಾಯಿತು. ತಾಯಿ ಎಂದರೆ ತಾಳ್ಮೆ ಎಂದೇ ಅವಳು ತಿಳಿದಿದ್ದಳು.

"ಎಲ್ಲಿಯ ತಾಳ್ಮೆ! ಪೇಂಟ್ ಮುಗಿದ ಕೂಡಲೇ ಮುಟ್ಟಿ ನೋಡಿದಳು. ಐದು ಬೆರಳ ಗುರುತು ಬಿತ್ತು. ಮತ್ತೆ ಅದರ ಮೇಲೆ ಹೊಡೆದದ್ದು ನಾನು."

ಅಷ್ಟರಲ್ಲಿ ದೂರದ ಮಸೀದಿಯಿಂದ ಬಾಂಗ್ ಕೇಳಿಸಿತು. ಐಸಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ನಮಾಜಿಗೆ ಮೊದಲು ಕೈಕಾಲು ತೊಳೆದು ವುಝೂ ಮಾಡಲಿಕ್ಕೆ ನೀರು ಎಲ್ಲುಂಟು ಎಂದು ಕೇಳಿದರು. ಲಿಡಿಯಾ ಅವರನ್ನು ಬಚ್ಚಲಿಗೆ ಕರೆದೊಯ್ದು, ಕಾಲು ಜಾರದಂತೆ ಹಿಡಿದುಕೊಂಡಳು. ಮರಳಿ ಬಂದ ಮೇಲೆ ರಮ್ಲಾ ಕಿಟಕಿಯಿಂದ ಹೊರಗೆ ನೋಡಿ ನಮಾಜಿನ ದಿಕ್ಕು ಅಂದಾಜು ಮಾಡಿದಳು. ಪಡುವಣಕ್ಕೆ ಇದ್ದದ್ದು ಬಾಗಿಲೇ. ಮಂಡಿ ಮಡಚಲು ಆಗದ ಐಸಮ್ಮನಿಗೆ ಕುರ್ಚಿಯನ್ನು ಆ ಕಡೆ ತಿರುಗಿಸಿ ಇಟ್ಟರು. ಯಾರೂ ಬಂದು ಬಡಿಯಬಾರದೆಂದು ಲಿಡಿಯಾ ಬೋಲ್ಟ್ ಹಾಕಿ, ಫ್ಯಾನ್ ನಿಧಾನ ಮಾಡಿ, ಅಡುಗೆಮನೆಗೆ ನಡೆದಳು. ಹಿಂದೆಯೇ ರಮ್ಲಾಳೂ ಬಂದಳು. ಉಮ್ಮ ಮುಗಿಸಲಿ, ಆಮೇಲೆ ನಾನು ಎಂದಳು.

ಹಾಲಿನಿಂದ ಐಸಮ್ಮನ ಪಿಸುದನಿ ಕೇಳುತ್ತಿತ್ತು. ರಮ್ಲಾ ಗೋಡೆಗೆ ಒರಗಿ ನಿಂತು, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ, "ನಿನ್ನ ಅಮ್ಮ ಈಗ ಇರಬೇಕಿತ್ತು," ಎಂದಳು.

ಲಿಡಿಯಾ ಹೌದೆಂದು ತಲೆಯಾಡಿಸಿದಳು. ಒಲೆಯ ಮೇಲೆ ಕಡಲೆ ಬೇಯುತ್ತಿತ್ತು. ಕುಕ್ಕರ್ ಕೂಗದಿರಲಿ ಎಂದು ಅವಳು ಉರಿ ಸಣ್ಣ ಮಾಡಿದಳು.